ಪೇಂಟರ್ ಮನೆಯ ಕೇಕು

ಕೇಕಿನ ಮೇಲೆ ಹೆಸರು ಬರೆಯುವುದು ಗಂಡಸರ ಕೆಲಸವಲ್ಲ ಎಂದು ಹೇಳಿದವನು ನಾನೇ. ಹೇಳಿದ್ದು ನನ್ನ ಹೆಂಡತಿಗೆ, ಅದೂ ಅವಳು ಹೆಸರು ಬರೆಯಲಾರದೆ ಒದ್ದಾಡುತ್ತಿದ್ದಾಗ. ಅವಳು ಅದನ್ನು ಇವತ್ತಿಗೂ ಮರೆತಿಲ್ಲ. ಕೇಕ್ ಒಯ್ಯಲು ಬಂದವರ ಮುಂದೆ ಆಗಾಗ ಅದನ್ನೇ ಎತ್ತಿ ಆಡುತ್ತಾಳೆ. ಆಗ ನಾನು ಕ್ರೀಮಿನ ಕೋನ್ ಹಿಡಿದು ಬಗ್ಗಿ ನಿಂತಿರುತ್ತೇನೆ. ಬಾಯಿ ತೆಗೆದರೆ ಗೆರೆ ಅಲುಗುತ್ತದೆ, ಹಾಗಾಗಿ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಅದು ಅವಳಿಗೂ ಗೊತ್ತು.

ನಾನು ಬೋರ್ಡ್ ಬರೆಯುವ ಪೇಂಟರ್. ಕೊಪ್ಪಳಕ್ಕೆ ಹತ್ತಿಕೊಂಡಿರುವ ಭಾಗ್ಯನಗರದಲ್ಲಿ ನಮ್ಮದು ಎರಡು ಕೋಣೆಯ ಮನೆ, ಮುಂದೊಂದು ಪಡಸಾಲೆ. ಆ ಪಡಸಾಲೆಯೇ ನನ್ನ ಅಂಗಡಿ. ಕೊಪ್ಪಳದ ಕಿರಾಣಿ ಅಂಗಡಿಗಳು, ಯಲಬುರ್ಗಾದ ಗೊಬ್ಬರದ ಅಂಗಡಿ, ಕುಷ್ಟಗಿಯ ಖಾನಾವಳಿ, ಟ್ರ್ಯಾಕ್ಟರ್ ಟ್ರೇಲರಿನ ಹಿಂಬದಿ, ಶಾಲೆಯ ಗೋಡೆ, ಮದುವೆ ಮನೆಯ ಬಾಗಿಲಿನ ಎರಡೂ ಬದಿಗೆ ಮದುಮಕ್ಕಳ ಹೆಸರು, ಹೀಗೆ ಎಲ್ಲಿ ಅಕ್ಷರ ಬೇಕೋ ಅಲ್ಲಿಗೆ ನನ್ನ ಡಬ್ಬಿ, ಬ್ರಶ್ ಹೋಗುತ್ತಿದ್ದವು. ನನ್ನ ಅಕ್ಷರಕ್ಕೆ ಒಂದು ಗುರುತಿತ್ತು. ಕೆಂಪು ಅಕ್ಷರ, ಅದರ ಬಲಕ್ಕೆ, ಕೆಳಕ್ಕೆ ದಪ್ಪನೆಯ ಕರಿ ನೆರಳು. ರಸ್ತೆಯ ಆ ಬದಿಯಿಂದ ನೋಡಿದರೂ ಅಕ್ಷರ ಹಲಗೆ ಬಿಟ್ಟು ಎದ್ದು ಬಂದ ಹಾಗೆ ಕಾಣಬೇಕು. ನೆರಳಿಲ್ಲದ ಅಕ್ಷರವೆಂದರೆ ನನಗೆ ಅಂಗಿ ಹಾಕಿಕೊಳ್ಳದೆ ಸಂತೆಗೆ ಹೋದ ಹಾಗೆ.

ಆಮೇಲೆ ಫ್ಲೆಕ್ಸ್ ಬಂತು. ಫ್ಲೆಕ್ಸಿನ ಮೇಲೆ ನನಗಿರುವ ಸಿಟ್ಟನ್ನೆಲ್ಲ ಬರೆಯಲು ಕೂತರೆ ಇದು ಬೇರೆಯೇ ಬರಹವಾದೀತು. ಒಂದು ಮಾತು ಮಾತ್ರ ಹೇಳುತ್ತೇನೆ. ಅದನ್ನು ಮಾಡುವವರಿಗೆ ಕನ್ನಡದ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು ಅನ್ನುವ ಖಬರಿಲ್ಲ. ರೈಲಿನಲ್ಲಿ ಮೇಲಿನ ಬರ್ತಿನವನ ಕಾಲು ಕೆಳಗೆ ಕೂತವನ ತಲೆಗೆ ತಾಗಿದಂತೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತಿರುತ್ತದೆ. ಆದರೂ ಗಿರಾಕಿಗಳೆಲ್ಲ ಅತ್ತಲೇ ಹೋದರು. ಬೆಳಗ್ಗೆ ಹೇಳಿದರೆ ಮಧ್ಯಾಹ್ನ ಸಿಗುತ್ತದೆ, ಮೇಲೆ ಮಾಲೀಕನ ಫೋಟೋ ಬೇರೆ. ನನ್ನ ಬ್ರಶ್ಶುಗಳು ಡಬ್ಬಿಯಲ್ಲಿ ಒಣಗಿದವು. ನಾನು ಪಡಸಾಲೆಯಲ್ಲಿ ಕೂತು ಪೇಪರ್ ಓದುವುದು, ಓದುವುದಕ್ಕಿಂತ ಹೆಚ್ಚಾಗಿ ಅದರ ತಲೆಬರಹದ ಅಕ್ಷರಗಳನ್ನು ಬೈಯುವುದು, ಮತ್ತೆ ಮತ್ತೆ ಚಹಾ ಕೇಳುವುದು, ಇಷ್ಟರಲ್ಲೇ ಹೊತ್ತು ಹೋಗುತ್ತಿತ್ತು.

ಮನೆ ನಡೆಸುವ ದಾರಿ ಹುಡುಕಿದವಳು ಹೆಂಡತಿ. ಕುಷ್ಟಗಿಗೆ ಕೊಟ್ಟ ಮಗಳ ಮನೆಯಲ್ಲಿ ಮದುವೆಗೆ ಬಂದ ಓವನ್ ಒಂದು ಪೆಟ್ಟಿಗೆ ಸಹ ಬಿಚ್ಚದೆ ಅಟ್ಟದ ಮೇಲೆ ಕೂತಿತ್ತು. ಇವಳು ಅದನ್ನು ಇಳಿಸಿ, ಬಸ್ಸಿಗೆ ಹಾಕಿಸಿಕೊಂಡು ತಂದಳು. ಉಪ್ಪಿನ ಡಬ್ಬಿಗೆ ಫೋನ್ ಒರಗಿಸಿಟ್ಟು, ಅದರಲ್ಲಿ ಹೇಳಿದಂತೆ ಕಲಸಿದಳು. ಮೊದಲಿನ ಕೇಕು ಖಡಕ್ ರೊಟ್ಟಿಗೆ ಅಣ್ಣನಾಗಿತ್ತು. ಎರಡನೆಯದು ಮೇಲೆ ಉಬ್ಬಿ ನಡುವೆ ಕುಸಿದು ಕೂತಿತು. ಆದರೆ ಅವಳು ಹಿಡಿದ ಕೆಲಸ ಬಿಡುವವಳಲ್ಲ. ತತ್ತಿ ಹಾಕದೆ, ಬರೀ ಮೊಸರಿನ ಮೇಲೆ, ಬಾಯಲ್ಲಿಟ್ಟರೆ ಕರಗುವಂಥ ಕೇಕ್ ಅವಳ ಕೈಗೆ ಕೂಡಿಬರುವ ಹೊತ್ತಿಗೆ ಇಡೀ ಓಣಿಯೇ ರುಚಿ ನೋಡಿ ಮುಗಿಸಿತ್ತು. ಒಬ್ಬರ ಮನೆಯ ಹುಟ್ಟುಹಬ್ಬಕ್ಕೆ ಕೊಟ್ಟಳು. ಅಲ್ಲಿ ತಿಂದವರು ತಮ್ಮ ಮನೆಗೆ ಕೇಳಿದರು. ನೋಡನೋಡುತ್ತಿದ್ದಂತೆ ನನ್ನ ಪಡಸಾಲೆಯ ಅರ್ಧ ಜಾಗ ಕ್ರೀಮಿನ ಡಬ್ಬಿಗಳ ಪಾಲಾಯಿತು.

ಒಂದೇ ಕೊರತೆ. ಅವಳಿಗೆ ಹೆಸರು ಬರೆಯಲು ಬರುತ್ತಿರಲಿಲ್ಲ. ಎಡಗಡೆ ಮೊದಲ ಅಕ್ಷರ ಆನೆಯಷ್ಟು ಆಗುತ್ತಿತ್ತು, ಬಲಗಡೆ ಮುಟ್ಟುವಾಗ ಜಾಗ ಸಾಲದೆ ಕೊನೆಯ ಅಕ್ಷರ ಕೇಕಿನ ಅಂಚಿನಿಂದ ಜಾರಿ ಕೆಳಗೆ ಇಳಿಯುತ್ತಿತ್ತು. ನಾನು ನಕ್ಕೆ.

"ನಗಬ್ಯಾಡ್ರಿ, ಬರ್ದು ತೋರಸ್ರಿ" ಎಂದಳು.

"ಕೇಕಿನ ಮ್ಯಾಲ ಹೆಸರು ಬರಿಯೂದು ಗಂಡಸರ ಕೆಲಸಲ್ಲ."

"ಹಂಗಾದ್ರ ಖಾಲಿ ಕುಂದ್ರೂದು ಗಂಡಸರ ಕೆಲಸೇನ್ರಿ?"

ನಾನು ಎದ್ದು ಚಹಾದಂಗಡಿಗೆ ಹೋದೆ. ತಿರುಗಿ ಬಂದಾಗ ಅವಳು ಹಾಲು ತರಲು ಹೋಗಿದ್ದಳು. ತಿರುಗುವ ಸ್ಟ್ಯಾಂಡಿನ ಮೇಲೆ ಬಿಳಿ ಕೇಕ್ ಒಂದು ಹೆಸರಿಲ್ಲದೆ ಕಾಯುತ್ತಿತ್ತು. ಹೊಸದಾಗಿ ಬಿಳಿ ಹಚ್ಚಿದ ಹಲಗೆ ಕಂಡರೆ ನನ್ನ ಕೈ ಮೊದಲಿನಿಂದಲೂ ಸುಮ್ಮನಿರುವುದಿಲ್ಲ. ಕೋನ್ ಎತ್ತಿಕೊಂಡೆ. ಬ್ರಶ್ಶನ್ನು ಎಳೆಯಬೇಕು, ಕೋನನ್ನು ಒತ್ತಬೇಕು, ಅಷ್ಟೇ ವ್ಯತ್ಯಾಸ. ಇನ್ನೂ ಒಂದಿದೆ: ತಪ್ಪಾದರೆ ಅರಿವೆಗೆ ಟರ್ಪಂಟೈನ್ ಹಚ್ಚಿ ಒರೆಸುವಂತಿಲ್ಲ. ಬರೆದು ಮುಗಿಸಿ ಮತ್ತೆ ಪೇಪರ್ ಹಿಡಿದು ಕೂತೆ. ಅವಳು ಬಂದು ಕೇಕ್ ನೋಡಿದಳು, ಸ್ಟ್ಯಾಂಡನ್ನು ಒಂದು ಸುತ್ತು ತಿರುಗಿಸಿದಳು, "ಹೂಂ" ಎಂದು ಹಾಲು ಕಾಯಿಸಲು ಒಳಗೆ ಹೋದಳು. ಆ ದಿನದಿಂದ ಬರೆಯುವುದು ನನ್ನ ಪಾಲಿಗೆ ಬಂತು. ನನಗೆ ಭಾಳ ಖುಷಿಯಾಗಿತ್ತು, ಮುಖದಲ್ಲಿ ಮಾತ್ರ ತೋರಿಸಲಿಲ್ಲ.

ಕೆಲವು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಕೆಟ್ಟದ್ದು ನನ್ನ ನೆರಳಿನಿಂದ.

ಕೊಪ್ಪಳದ ನಿವೃತ್ತ ಹೆಡ್ ಮಾಸ್ತರರೊಬ್ಬರ ಮನೆಯಲ್ಲಿ ಮೊಮ್ಮಗನ ಮೊದಲ ಹುಟ್ಟುಹಬ್ಬ. ದೊಡ್ಡ ಕೇಕ್, ಉದ್ದ ಹೆಸರು. ಕೆಂಪಿನಲ್ಲಿ ಬರೆದು ಹಿಂದೆ ಸರಿದು ನೋಡಿದೆ. ಅಕ್ಷರಗಳು ಚೆನ್ನಾಗಿದ್ದವು, ಆದರೆ ಬೋಳುಬೋಳು. ಹೆಂಡತಿಯ ಸಾಮಾನಿನಲ್ಲಿ ಕರಿ ಬಣ್ಣದ ಸಣ್ಣ ಬಾಟಲಿ ಇತ್ತು. ಬೊಂಬೆ ಕೇಕಿನ ಕಣ್ಣಿಗೆಂದು ಅವಳು ಅದರಲ್ಲಿ ಒಂದು ಹನಿ ಬಳಸುತ್ತಿದ್ದಳು. ನಾನು ಹನಿ ಲೆಕ್ಕ ಇಡುವವನಲ್ಲ. ಕ್ರೀಮು ಬೂದಿಯಾಯಿತು, ಇನ್ನಷ್ಟು ಸುರಿದೆ. ಇಲಿಯ ಬಣ್ಣಕ್ಕೆ ಬಂತು, ಇನ್ನಷ್ಟು. ಬೋರ್ಡಿನ ಕರಿ ಬರುವ ತನಕ ಬಾಟಲಿ ಖಾಲಿ ಮಾಡಿ ಎಲ್ಲ ಅಕ್ಷರಕ್ಕೂ ದಪ್ಪನೆಯ ನೆರಳು ಕೊಟ್ಟೆ. ಕೇಕು ಈಗ ಲಾರಿಯ ಹಣೆಯ ಹಾಗೆ ಮಿಂಚುತ್ತಿತ್ತು.

"ಇಷ್ಟು ಕರಿ ಬೇಕಾಗಿತ್ತೇನ್ರಿ?" ಎಂದಳು ಹೆಂಡತಿ.

"ದೂರಿಂದ ಕಾಣಬೇಕಲ್ಲ" ಎಂದೆ.

ಕೇಕನ್ನು ಯಾರೂ ರಸ್ತೆಯ ಆ ಬದಿಯಿಂದ ನೋಡುವುದಿಲ್ಲ, ಅದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ.

ಮರುದಿನ ಆ ಮನೆಯ ಫೋಟೋ ಒಂದು ಊರಿನವರ ಫೋನುಗಳನ್ನು ಸುತ್ತಿ ನಮ್ಮ ಮನೆಗೂ ಬಂತು. ಇಡೀ ಕುಟುಂಬ ಸಾಲಾಗಿ ನಿಂತು ನಗುತ್ತಿದೆ, ಒಬ್ಬೊಬ್ಬರ ಹಲ್ಲೂ ನಾಲಿಗೆಯೂ ರೊಟ್ಟಿ ಹೆಂಚಿನಂತೆ ಕರ್ರಗೆ. ಹೆಡ್ ಮಾಸ್ತರರ ತೋಳಿನಲ್ಲಿದ್ದ ಮೊಮ್ಮಗ ಅಜ್ಜನ ಬಾಯಿ ನೋಡಿ ಕಿಟಾರನೆ ಚೀರುತ್ತಿದ್ದಾನೆ. ನಾನು ಮೊದಲು ನಕ್ಕುಬಿಟ್ಟೆ. ಹೆಂಡತಿ ನಗಲಿಲ್ಲ.

ಅವಳು ಯಾಕೆ ನಗಲಿಲ್ಲ ಅನ್ನುವುದು ಸಂಜೆಗೆ ತಿಳಿಯಿತು. ಪೇಂಟರ್ ಕೇಕಿಗೆ ಆಯಿಲ್ ಪೇಂಟ್ ಹಚ್ಯಾನಂತ, ಅಂತ ಮಾತು ಹಬ್ಬಿತ್ತು. ಬೇರೆ ಯಾರ ಮನೆಯ ಕೇಕಾಗಿದ್ದರೂ ಬಣ್ಣ ಜಾಸ್ತಿ ಆಗಿದೆ ಎಂದು ಬಿಟ್ಟುಬಿಡುತ್ತಿದ್ದರು. ಮಾಡಿದವನು ಪೇಂಟರ್ ಆದ್ದರಿಂದ, ಮನೆಯಲ್ಲಿ ಡಬ್ಬಿಗಟ್ಟಲೆ ಪೇಂಟ್ ಇರುವುದರಿಂದ, ಜನಕ್ಕೆ ಹೆಚ್ಚು ಯೋಚಿಸುವ ಕೆಲಸವೇ ಉಳಿಯಲಿಲ್ಲ. ನನಗೆ ಉರಿದುಹೋಯಿತು. ಆ ಖಾಲಿ ಬಾಟಲಿ, ಮಿಕ್ಕಿದ್ದ ಕರಿ ಕ್ರೀಮು ಎರಡನ್ನೂ ತೆಗೆದುಕೊಂಡು ಚಹಾದಂಗಡಿಗೆ ಹೋದೆ. "ನೋಡ್ರಿ, ಇದು ತಿನ್ನೋ ಬಣ್ಣ" ಎಂದು ಬಾಟಲಿ ತೋರಿಸಿದೆ. ಒಬ್ಬ ಮೂಸಿ ನೋಡಿ, "ವಾಸನಿ ಬರಾಕತ್ತೈತಲ್ರಿ" ಎಂದ. ಸಿಟ್ಟಿನಲ್ಲಿ ಎಲ್ಲರ ಮುಂದೆ ಒಂದು ಚಮಚ ಕರಿ ಕ್ರೀಮು ಬಾಯಿಗೆ ಹಾಕಿಕೊಂಡು, "ಈಗೇನಂತೀರಿ?" ಎಂದು ಬಾಯಿ ತೆರೆದೆ. ಅವರು ನನ್ನ ಬಾಯಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅರ್ಧ ನಂಬಿದ್ದವರೂ ಅವತ್ತು ಪೂರ್ತಿ ನಂಬಿದರು.

ಆರ್ಡರುಗಳು ನಿಂತವು. ಹೇಳಿಟ್ಟಿದ್ದವರು ಫೋನ್ ಮಾಡಿ, ಹುಡುಗನಿಗೆ ಜ್ವರ, ಮಾವ ಊರಲ್ಲಿಲ್ಲ, ಈ ಸಲ ಹೋಳಿಗೆ ಮಾಡುತ್ತೇವೆ ಎಂದೆಲ್ಲ ನೆಪ ಹೇಳಿದರು. ಹೆಂಡತಿ ಓವನ್ ಒರೆಸಿ ಅದಕ್ಕೆ ಹಳೆಯ ಸೀರೆ ಹೊದಿಸಿದಳು. ಮುಂದಿನ ಓಣಿಯ ಒಬ್ಬಾಕೆ ಅದನ್ನು ಕೊಡುತ್ತೀರಾ ಎಂದು ಕೇಳಿಕೊಂಡು ಬಂದು, ಅದರ ಬಾಗಿಲು ತೆಗೆದು ಮುಚ್ಚಿ ನೋಡಿ ಹೋದಳು.

"ಇನ್ನೊಂದು ಆರ್ಡರ್ ಐತಿ" ಎಂದಳು ಹೆಂಡತಿ ನನಗೆ. "ಗಂಗಾವತೀದು. ಅದೊಂದು ಮಾಡಿ ನೋಡೂಣು. ಅದೂ ಕೆಟ್ರ ಓವನ್ ಆಕಿಗೆ ಕೊಟ್ಟುಬಿಡ್ತೀನಿ."

ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ಬೈಯದೆ ಅಡಿಗೆಮನೆಯಲ್ಲಿ ಮೆಲ್ಲಗೆ ಪಾತ್ರೆ ಎತ್ತಿಡುತ್ತಿದ್ದ ಅವಳ ಸದ್ದು ಕೇಳಿ ನನಗೆ ಅಳು ಬಂದಂತಾಯಿತು. ಕಟ್ಟಿದವಳು ಅವಳು, ಕೆಡವಿದವನು ನಾನು.

ಗಂಗಾವತಿಯ ಆರ್ಡರ್ ಬಂದದ್ದು ಮಗಳ ಪರಿಚಯದವರ ಕಡೆಯಿಂದ. ಅಕ್ಕಿ ಗಿರಣಿಯವರ ಮನೆ. ಅವರ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು, ಹೆಣ್ಣು ಕೂಸು, ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯಕ್ಕೆ ಕೇಕ್ ಬೇಕಿತ್ತು. ಕೂಸಿನ ಅಜ್ಜಿಯೇ ಫೋನಿನಲ್ಲಿ ಮಾತಾಡಿದರು.

"ಹೆಸರು ನಿಮಗೂ ಹೇಳಂಗಿಲ್ರಿ. ಕೂಸಿನ ಸೋದರತ್ತಿ ನವಲಿಯಿಂದ ಬರ್ತಾಳ. ಆಕಿ ಕಿವ್ಯಾಗ ಹೇಳಿದ ಮ್ಯಾಲೇ ಎಲ್ಲಾರಿಗೂ ಗೊತ್ತಾಗೂದು. ಬರಿಯೋರು ಇಲ್ಲೇ ಬಂದು, ಎಲ್ಲಾರ ಮುಂದ ಬರೀಬೇಕು ನೋಡ್ರಿ."

ಸೋದರತ್ತೆ ಹೇಳುವ ಮೊದಲು ಹೆಸರು ಬಯಲಾಗಬಾರದು ಎಂಬುದು ಸರಿಯೇ. ಆದರೆ ನಾನು ಅಳತೆ ಹಾಕದೆ ಬರೆದವನಲ್ಲ. ಹೆಸರು ಎಷ್ಟು ಉದ್ದ, ಎಲ್ಲಿ ಒತ್ತು, ಎಲ್ಲಿ ಕೊಂಬು ಎಂದು ಮೊದಲು ಕಾಗದದ ಮೇಲೆ ಹಾಕಿಕೊಂಡೇ ಹಲಗೆ ಮುಟ್ಟುವುದು. ಇಲ್ಲಿ ಎರಡಕ್ಷರವೋ ಆರಕ್ಷರವೋ ಗೊತ್ತಿಲ್ಲ. ಅದೂ ನೆಂಟರೆಲ್ಲ ಸುತ್ತ ನಿಂತಿರುವಾಗ.

ಬಣ್ಣದ ವಿಷಯದಲ್ಲಿ ಹೆಂಡತಿ ಖಡಾಖಂಡಿತವಾಗಿ ಹೇಳಿದಳು: "ಬಾಟ್ಲಿ ಮುಟ್ಟಂಗಿಲ್ಲ." ಗಜ್ಜರಿ ಗಡ್ಡೆಯ ರಸ, ಅರಿಶಿನ ಎಲ್ಲ ನೋಡಿ ಕೊನೆಗೆ ಬೀಟ್‌ರೂಟ್ ರಸ ಕುದಿಸಿ ಗಟ್ಟಿ ಮಾಡಿ ಕ್ರೀಮಿಗೆ ಕಲಸಿದಳು. ಗುಲಾಬಿ ಬಣ್ಣ ಬಂತು. ನನಗೆ ಸಪ್ಪೆ ಅನ್ನಿಸಿತು. ಆದರೂ ಒಪ್ಪಿಕೊಂಡೆ. ಒಳಗೊಳಗೇ ಒಂದು ಲೆಕ್ಕಾಚಾರವೂ ಇತ್ತು: ಈ ಬಣ್ಣ ನಾಲಿಗೆಗೆ ಹತ್ತಿದರೂ ನಾಲಿಗೆ ಯಾವುದು, ಬಣ್ಣ ಯಾವುದು ಎಂದು ಯಾರಿಗೆ ತಿಳಿಯಬೇಕು?

ಬೇಸಿಗೆ ಶುರುವಾಗಿತ್ತು. ಬಸ್ಸಿನಲ್ಲಿ ಗಂಗಾವತಿ ಮುಟ್ಟುವ ತನಕ ಕ್ರೀಮು ಉಳಿಯಬೇಕಲ್ಲ. ತಂಪು ಹಿಡಿದಿಡಲೆಂದು ಇಟ್ಟಿಗೆ ಭಟ್ಟಿಯವರ ಹತ್ತಿರ ಒಂದು ಚೀಲ ಭತ್ತದ ಹೊಟ್ಟು ಬೇಡಿ ತಂದೆ. ನನ್ನ ಪೇಂಟಿನ ದೊಡ್ಡ ಟ್ರಂಕು ತೊಳೆದು, ಅದರಲ್ಲಿ ಹೊಟ್ಟು ತುಂಬಿ, ನಡುವೆ ಐಸು ಸುತ್ತಿದ ಅಗಲವಾದ ಸ್ಟೀಲ್ ಡಬ್ಬಿ, ಅದರೊಳಗೆ ಕೇಕ್. ಬಸ್ಸಿನಲ್ಲಿ ಆ ಟ್ರಂಕನ್ನು ನಮ್ಮಿಬ್ಬರ ಕಾಲ ನಡುವೆ ಇಟ್ಟುಕೊಂಡು ಕೂತೆವು. ರಸ್ತೆಯ ಒಂದೊಂದು ಗುಂಡಿಗೂ ಹೆಂಡತಿ ಕಣ್ಣು ಮುಚ್ಚುತ್ತಿದ್ದಳು.

ಗಿರಣಿಯ ಹಿಂದೆಯೇ ಮನೆ. ಟ್ರಂಕು ಬಿಚ್ಚಿದ್ದನ್ನು ನೋಡಿ ಅಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕರು. "ಗಂಗಾವತಿಗೆ ಹೊಟ್ಟು ಹೊತ್ತುಕೊಂಡು ಬಂದೀರಲ್ರಿ! ಹಿತ್ತಲದಾಗ ನೋಡ್ರಿ, ಗುಡ್ಡ ಬಿದ್ದೈತಿ." ಕೇಕ್ ಮಾತ್ರ ಇಟ್ಟಹಾಗೇ ಇತ್ತು. ಮುಟ್ಟಿ ನೋಡಿದರೆ ಬೆರಳು ಜುಮ್ಮೆನ್ನುವಷ್ಟು ತಣ್ಣಗೆ. ಹೆಂಡತಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ದೊಡ್ಡ ಹಾಲಿನಲ್ಲಿ ತೊಟ್ಟಿಲು ಕಟ್ಟಿದ್ದರು. ಹೆಣ್ಣುಮಕ್ಕಳು ಕಿಕ್ಕಿರಿದು ಕೂತಿದ್ದರು, ಗಂಡಸರೆಲ್ಲ ಹೊರಗೆ ಪೆಂಡಾಲಿನಲ್ಲಿ. ಕೇಕಿನ ಮೇಜಿನ ಹತ್ತಿರ ನಾನೊಬ್ಬನೇ ಗಂಡಸು, ಕೈಯಲ್ಲಿ ಕೋನ್ ಹಿಡಿದು ನಿಂತಿದ್ದೆ. ಎಲ್ಲಿ ನೋಡಬೇಕೋ ತಿಳಿಯದೆ ಫ್ಯಾನ್ ನೋಡುತ್ತಿದ್ದೆ. ಅಷ್ಟರಲ್ಲಿ ಒಂದು ಪಿಸುಮಾತು ಕಿವಿಗೆ ಬಿತ್ತು.

"ಇವ್ರು ಕೊಪ್ಪಳದ ಪೇಂಟರ್ ಅಲ್ಲೇನ? ಕೇಕಿಗೆ ಆಯಿಲ್ ಪೇಂಟ್ ಹಚ್ಚಿದವ್ರು?"

ಕೊಪ್ಪಳದಿಂದ ಬಂದ ನೆಂಟರ ಹೆಂಗಸು. ಪಕ್ಕದವಳಿಗೆ ಹೇಳಿದಳು, ಪಕ್ಕದವಳು ಅವಳ ಪಕ್ಕದವಳಿಗೆ. ಮಾತು ಗೋಡೆಗುಂಟ ಹರಿದು ಅಜ್ಜಿಯ ತನಕ ಮುಟ್ಟಿತು. ಅಜ್ಜಿ ನನ್ನ ಹೆಂಡತಿಯ ಕಡೆ ಒಮ್ಮೆ ನೋಡಿದರು. ಹೆಂಡತಿಯ ಮುಖದ ಕಳೆಯೇ ಹೋಯಿತು. ಆ ಕ್ಷಣ ನನಗೆ ಟ್ರಂಕು ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಓಡಿಬಿಡೋಣ ಅನ್ನಿಸಿತ್ತು.

ಆದರೆ ಕಾರ್ಯ ಶುರುವಾಗಿತ್ತು. ಮೊದಲು ರೂಢಿಯಂತೆ ರುಬ್ಬುವ ಗುಂಡಕಲ್ಲಿಗೆ ಕೂಸಿನ ಕುಂಚಿಗೆ ಹಾಕಿ ತೊಟ್ಟಿಲಲ್ಲಿ ಮಲಗಿಸಿದರು, ಆಮೇಲೆ ಕೂಸನ್ನು. ನವಲಿಯ ಸೋದರತ್ತೆ ಎದ್ದು ಬಂದಳು. ಗದ್ದೆಯ ಕೆಲಸ ಮಾಡಿ ಗಟ್ಟಿಯಾದ ಮೈ, ದೊಡ್ಡ ದನಿ. ಅವಳು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದಳು. ಹಿಂದಿದ್ದ ಹೆಂಗಸರೆಲ್ಲ ಪದ್ಧತಿಯಂತೆ ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಗುದ್ದಿಸಿಕೊಳ್ಳುತ್ತಲೇ ಅವಳು ಮೆಲ್ಲಗೆ ಒಮ್ಮೆ ಕಿವಿಯಲ್ಲಿ, ಆಮೇಲೆ ಎದ್ದು ನಿಂತು ಮನೆಗೆಲ್ಲ ಕೇಳುವಂತೆ ಹೆಸರು ಹೇಳಿದಳು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯ ಕೂಸಿನದು. ಮೂರು ಅಕ್ಷರ, ನಡುವೆ ಒಂದು ಒತ್ತು ಎಂದಷ್ಟೇ ಹೇಳುತ್ತೇನೆ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಗ್ಗಿದೆ. ಅಂಗಡಿಯ ಹೆಸರೋ ಖಾನಾವಳಿಯ ಹೆಸರೋ, ನಾನು ಈ ಮೊದಲು ಬರೆದದ್ದೆಲ್ಲ ಎಲ್ಲೋ ಆಗಲೇ ಬರೆದಿದ್ದ ಹೆಸರುಗಳು. ಚೀಟಿಯಲ್ಲಿ ಕೊಡುತ್ತಿದ್ದರು, ನಾನು ನೋಡಿ ಬರೆಯುತ್ತಿದ್ದೆ. ಈ ಹೆಸರಿಗೆ ಚೀಟಿ ಇರಲಿಲ್ಲ. ಈ ಕೂಸಿನ ಹೆಸರಾಗಿ ಇದು ಮೊದಲ ಸಲ ಅಕ್ಷರವಾಗುವುದು ನನ್ನ ಕೈಯಲ್ಲಿ. ಹಾಗನ್ನಿಸಿದ್ದೇ ತಡ ಅಂಜಿಕೆ ಎಲ್ಲಿ ಹೋಯಿತೋ ಹೋಯಿತು. ನಡುವಿನ ಅಕ್ಷರವನ್ನು ಕೇಕಿನ ನಟ್ಟನಡುವೆ ಮೊದಲು ಕೂಡಿಸಿದೆ, ಒತ್ತಿಗೆ ಕೆಳಗೆ ಜಾಗ ಬಿಟ್ಟೆ, ಆಮೇಲೆ ಆಚೆಯದು, ಈಚೆಯದು. ನೆರಳು ಕೊಡಲಿಲ್ಲ. ಎದ್ದು ನಿಂತಾಗ ತೊಟ್ಟ ಅಂಗಿ ಬೆನ್ನಿಗೆ ಅಂಟಿತ್ತು. ಮುಂದಿನ ಸಾಲಿನ ಒಬ್ಬ ಮುದುಕಿ, "ಮುತ್ತು ಪೋಣಿಸಿದಂಗ ಬರದಾನ" ಎಂದಳು.

ಗೆದ್ದೆವು ಎಂದುಕೊಂಡೆ. ಅಜ್ಜಿ ರಿಬ್ಬನ್ ಕಟ್ಟಿದ ಚಾಕು ಎತ್ತಿ ಬಾಣಂತಿಯ ಕೈಗೆ ಕೊಟ್ಟರು. ಅವಳು ಚಾಕುವಿನ ತುದಿಯನ್ನು ಹೆಸರಿನ ಮೇಲೆ ತಂದಿದ್ದಳು, ಅಷ್ಟೇ.

"ಏ, ತಡಿ!" ಎಂದಳು ಸೋದರತ್ತೆ. "ಈಗಿನ್ನ ಇಟ್ಟ ಹೆಸರು. ಕಿವ್ಯಾಗ ಹೇಳಿ ಬಾಯಿ ಆರಿಲ್ಲ ನಂದು. ಅದಕ್ಕ ಚಾಕು ಹಾಕ್ತೀರಿ?"

ಚಾಕು ಅಲ್ಲೇ ನಿಂತಿತು. ಹುಟ್ಟುಹಬ್ಬದ ಕೇಕಿನ ಮೇಲಿನ ಹೆಸರನ್ನು ನಾವು ಎಷ್ಟೋ ಸಲ ಕತ್ತರಿಸಿದ್ದೇವೆ, ಯಾರಿಗೂ ಏನೂ ಅನ್ನಿಸಿಲ್ಲ. ಆದರೆ ಇದು ಆಗ ತಾನೇ ಇಟ್ಟ ಹೆಸರು. ಅವಳು ಹೇಳಿದ ಮೇಲೆ ಎಲ್ಲರಿಗೂ ಹೌದಲ್ಲ ಅನ್ನಿಸಿತು. ನನಗೂ ಅನ್ನಿಸಿತು. ಅಜ್ಜಿ, "ನನಗ ಹೊಳೀಲೇ ಇಲ್ಲವಾ" ಎಂದು ಪೇಚಾಡಿಕೊಂಡರು. ಕೊಪ್ಪಳದ ಹೆಂಗಸು ಈ ಸಲ ಪಿಸುಗುಟ್ಟಲಿಲ್ಲ, ಬಾಯಿ ಬಿಟ್ಟೇ ಹೇಳಿದಳು, "ಕೇಕ್ ತರಿಸಿದ್ದೇ ಬ್ಯಾಡಾಗಿತ್ತು ಬಿಡ್ರಿ." ಕೇಕಿನ ಅಂಚಿನ ಹೂವು ಮೆಲ್ಲಗೆ ಮೆತ್ತಗಾಗುತ್ತಿತ್ತು. ನಾನು ಹೆಂಡತಿಯ ಮುಖ ನೋಡಲಾರದೆ ನೆಲ ನೋಡಿದೆ. ಹೋಯಿತು, ಓವನ್ ಹೋಯಿತು ಎಂದುಕೊಂಡೆ.

"ಅಕ್ಕಾರ, ಹೂ ಕಟ್ಟೋ ದಾರ ಐತೇನ್ರಿ?"

ನನ್ನ ಹೆಂಡತಿಯ ದನಿ. ಯಾರೋ ದಾರದ ಉಂಡೆ ತಂದುಕೊಟ್ಟರು. "ಒಂದು ಬೆಳ್ಳಿ ತಾಟು ಕೊಡ್ರಿ" ಎಂದಳು. ಅದೂ ಬಂತು. ಮನೆಯಲ್ಲಿ ಅವಳು ಕೇಕಿನ ಪದರ ಬಿಡಿಸುವುದು ದಾರದಿಂದಲೇ, ದೊಡ್ಡ ಚಾಕು ನಮ್ಮಲ್ಲಿ ಎಂದೂ ಇರಲಿಲ್ಲ. ಕೇಕಿನ ಮೇಲ್ಭಾಗದಿಂದ ಒಂದು ಬೆರಳು ಕೆಳಗೆ ದಾರ ಸುತ್ತಿ, ಎರಡೂ ತುದಿ ಹಿಡಿದು ತನ್ನ ಕಡೆ ಎಳೆದುಕೊಂಡಳು. ದಾರ ಬೆಣ್ಣೆಯಲ್ಲಿ ಹಾದಂತೆ ಹಾದು ಬಂತು. ಅಗಲವಾದ ರಟ್ಟೊಂದನ್ನು ಮೆಲ್ಲಗೆ ಒಳಗೆ ತೂರಿಸಿ, ಹೆಸರಿದ್ದ ಮೇಲಿನ ಪದರವನ್ನು ಇಡಿಯಾಗಿ ಎತ್ತಿ ಬೆಳ್ಳಿ ತಾಟಿಗೆ ಜಾರಿಸಿದಳು. ಒಂದು ಕೊಂಬು ಮುರಿಯಲಿಲ್ಲ, ಒತ್ತು ಅಲುಗಲಿಲ್ಲ. ತಾಟನ್ನು ತೊಟ್ಟಿಲ ಕೆಳಗೆ ಇಟ್ಟಳು. ಉಳಿದ ಕೇಕಿಗೆ, ಜೊತೆಗೆ ತಂದಿದ್ದ ಡಬ್ಬಿಯ ಬಿಳಿ ಕ್ರೀಮು ಬಳಿದಳು.

"ಹೆಸರಿಗೆ ಚಾಕು ಮುಟ್ಟಿಲ್ರಿ. ಇದನ್ನ ಕಡೀರಿ ಈಗ" ಎಂದಳು.

ಸೋದರತ್ತೆ ಸೊಂಟದ ಮೇಲೆ ಕೈಯಿಟ್ಟು ತಾಟು ನೋಡಿದಳು. "ಮತ್ತ ಇದನ್ನೇನು ಮಾಡೂದು? ಹಂಗ ಇಟ್ರ ಇರಿವಿ ತಿಂತಾವು."

"ಹಡದಾಕಿ ತಿನ್ಲಿ. ಕೂಸು ಆಕಿ ಹೊಟ್ಟ್ಯಾಗಿಂದ ಬಂದೈತಿ, ಹೆಸರೂ ಆಕಿ ಹೊಟ್ಟಿಗೇ ಹೋಗ್ಲಿ."

ಹೆಂಗಸರೆಲ್ಲ ಹೌದೌದು ಎಂದರು. ಕೊಪ್ಪಳದವಳು ಮಾತ್ರ, "ಬಣ್ಣ ನೋಡ್ಕೊಂಡು ತಿನ್ರಿ, ಬಾಣಂತಿ ಅದಾಳ" ಎಂದಳು. ಅಜ್ಜಿಯ ಕೈ ತಾಟಿನ ಮೇಲೇ ತಡೆಯಿತು. ಆದರೆ ಬಾಣಂತಿಗೆ ಅಷ್ಟು ದಿನ ಪಥ್ಯದ ಅನ್ನ, ಬೆಳ್ಳುಳ್ಳಿ, ಖಾರ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲವೇನೋ. ಯಾರ ಮಾತಿಗೂ ಕಾಯದೆ ಚಮಚ ಹಾಕಿ ಒತ್ತಕ್ಷರದ ಕಡೆಯಿಂದ ಒಂದು ತುತ್ತು ಎತ್ತಿ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ಇನ್ನೊಂದು ತುತ್ತು.

"ನಾಲಿಗಿ ತಗಿ" ಎಂದಳು ಸೋದರತ್ತೆ.

ಅವಳು ಶಾಲೆಯ ಮಗುವಿನಂತೆ ನಾಲಿಗೆ ಚಾಚಿದಳು. ಎಲ್ಲರೂ ಬಗ್ಗಿ ನೋಡಿದರು. ನಾನೂ ಮರ್ಯಾದೆ ಮರೆತು ಬಗ್ಗಿ ನೋಡಿದೆ. ನಾಲಿಗೆ ನಾಲಿಗೆಯ ಬಣ್ಣದ್ದೇ ಇತ್ತು.

ಸೋದರತ್ತೆ ತಾನೂ ಒಂದು ತುತ್ತು ತಿಂದು, ಹಾಲಿನ ನಾಲ್ಕೂ ದಿಕ್ಕಿಗೆ ತಿರುಗಿ ನಾಲಿಗೆ ತೋರಿಸಿದಳು. ಅಲ್ಲಿಗೆ ಮುಗಿಯಿತು. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಕೇಕ್ ತಿಂದು ಒಬ್ಬರಿಗೊಬ್ಬರು ನಾಲಿಗೆ ಚಾಚಿ ನಕ್ಕರು. ತೊಟ್ಟಿಲ ಮನೆಯಲ್ಲಿ ಜೋಗುಳದ ಬದಲು ನಗುವೇ ತುಂಬಿತು. ಕೊನೆಗೆ ಕೊಪ್ಪಳದವಳೂ ತಿಂದಳು. ತಿಂದು, ಸೆರಗಿನ ಮರೆಯಲ್ಲಿ ಫೋನಿನ ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡಳು. ನನ್ನ ಕಣ್ಣಿಗೆ ಬಿದ್ದದ್ದು ತಿಳಿದು, "ಛಲೋ ಆಗೈತ್ರಿ" ಎಂದಳು. ನಾನು ಆಕೆಗೆ ಇನ್ನೊಂದು ತುಂಡು ಹಾಕಿದೆ. ಊರಿಗೆ ಹೋಗಿ ಇದನ್ನೂ ನಾಲ್ಕು ಮಂದಿಗೆ ಹೇಳಲಿ ಎಂಬ ಆಸೆ, ಮತ್ತೇನಲ್ಲ.

ಅಜ್ಜಿ ನಮ್ಮನ್ನು ಗುಗ್ಗರಿ, ಊಟ ಎಲ್ಲ ಆಗುವ ತನಕ ಬಿಡಲಿಲ್ಲ. ಹೊರಡುವಾಗ ಹೆಂಡತಿಗೆ ಉಡಿ ತುಂಬಿದರು. ತೊಟ್ಟಿಲಿನ ಹತ್ತಿರ ಕುಳಿತಿದ್ದ ಇಬ್ಬರು ಅವಳ ನಂಬರ್ ಬರೆದುಕೊಂಡರು. ಹಿತ್ತಲಿನಲ್ಲಿದ್ದ ಹೊಟ್ಟಿನ ಗುಡ್ಡದ ಮೇಲೆ ನಮ್ಮ ಹೊಟ್ಟನ್ನೂ ಸುರಿದು ಟ್ರಂಕು ಖಾಲಿ ಮಾಡಿಕೊಂಡೆ.

ತಿರುಗಿ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಎರಡೂ ಬದಿಗೆ ಕಾಲುವೆ ನೀರಿನ ಹಸಿರು ಗದ್ದೆ. ಇಬ್ಬರಿಗೂ ಕಾರಣವಿಲ್ಲದೆ ನಗು ಬರುತ್ತಿತ್ತು. ಅವಳು ಆ ಕೊಪ್ಪಳದವಳ ಹಾಗೆ ಸೆರಗು ಮರೆ ಮಾಡಿ ನಾಲಿಗೆ ನೋಡಿಕೊಂಡು ತೋರಿಸಿದಳು, ನಾನು ಜೋರಾಗಿ ನಕ್ಕದ್ದಕ್ಕೆ ಮುಂದಿನ ಸೀಟಿನವನು ತಿರುಗಿ ನೋಡಿದ. ಎಷ್ಟೋ ವಾರಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಉಸಿರು ಸಲೀಸಾಗಿ ಒಳಗೆ ಹೋಗಿ ಬರುತ್ತಿತ್ತು. ಸಾಕಾಗಿ ಹೋಗಿತ್ತು ನನಗೆ, ಅಷ್ಟು ದಿನ ತಪ್ಪಿತಸ್ಥನ ಹಾಗೆ ಮನೆಯಲ್ಲಿ ಓಡಾಡಿ.

ಕೊಪ್ಪಳ ಹತ್ತಿರ ಬಂದಾಗ ಅವಳ ಫೋನ್ ರಿಂಗಾಯಿತು. ಓವನ್ ನೋಡಿ ಹೋಗಿದ್ದ ಮುಂದಿನ ಓಣಿಯಾಕೆ. ಸಂಜೆ ಬಂದು ಒಯ್ಯಲೇ ಎಂದು ಕೇಳುತ್ತಿದ್ದುದು ನನಗೂ ಕೇಳಿಸಿತು.

"ಇಲ್ಲವಾ, ಕೊಡಂಗಿಲ್ಲ" ಎಂದಳು ಹೆಂಡತಿ. ಅವತ್ತು ಕೊಡೋ ಮನಸ್ಸಿತ್ತಲ್ಲ ಎಂದು ಆಕೆ ಆ ಕಡೆಯಿಂದ ಕೇಳಿದಳು. ಇವಳು ನನ್ನ ಕಡೆ ನೋಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, ಊರ ಸುದ್ದಿ ಹೇಳುವಷ್ಟು ಸಹಜವಾಗಿ ಹೇಳಿದಳು:

"ಹಂಗಲ್ಲವಾ. ಆವಾಗ ನಾ ಒಬ್ಬಾಕೇ ಇದ್ದೆ. ಈಗ ನಮ್ಮನ್ಯಾಗ ದುಡಿಯೋರು ಇಬ್ರದೀವಿ."